ಪದವಿನ ಕೆಂಪು, ಮಂಗಳನ ಕೆಂಪು

ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲುಗಳಲ್ಲಿ, ಮಕರ ಸಂಕ್ರಾಂತಿ ಕಳೆಯಿತೆಂದರೆ ಮುಳಿಹುಲ್ಲು ಒಣಗಿ, ಅಡಿಯ ಮುರಕಲ್ಲು ಬೋಳುಬೋಳಾಗಿ ಕಾಣತೊಡಗುತ್ತದೆ. 2025ರ ಜನವರಿಯಲ್ಲಿ ಅಂಥದೊಂದು ಪದವಿನ ಮೇಲೆ ನಾವು ಹತ್ತಿಪ್ಪತ್ತು ಮಂದಿ ರಾತ್ರಿ ಸೇರಿದ್ದೆವು. ಸುಮಾರು ಇಪ್ಪತ್ತಾರು ತಿಂಗಳಿಗೊಮ್ಮೆ ಮಂಗಳ ಗ್ರಹ ಭೂಮಿಗೆ ಹತ್ತಿರವಾಗುತ್ತದೆ; ಆ ಸಲದ ಸರದಿ ಅದೇ ತಿಂಗಳು ಬಂದಿತ್ತು. ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದಲ್ಲಿ ಕೆಂಡದ ಚೂರಿನಂತೆ ಉರಿಯುತ್ತಿತ್ತು. ನಮ್ಮ ಸಣ್ಣ ದೂರದರ್ಶಕದಲ್ಲಿ ಅದು ಕಡಲೆಬೇಳೆಯಷ್ಟು ದೊಡ್ಡ ಕಿತ್ತಳೆ ಬಿಲ್ಲೆ, ಅಷ್ಟೇ. ಸಾಲಿನಲ್ಲಿ ನಿಂತಿದ್ದ ಆರನೇ ತರಗತಿಯ ಹುಡುಗನೊಬ್ಬ ಕಣ್ಣಿಟ್ಟು ನೋಡಿ, "ಇದು ನಮ್ಮ ಪದವಿನ ಹಾಗೆಯೇ ಉಂಟಲ್ಲ ಸರ್. ಅಲ್ಲಿ ನೀರಿಗೆ ಬೋರ್‌ವೆಲ್ ಹೊಡೆಯುವುದಾ, ಸುರಂಗ ತೋಡುವುದಾ?" ಎಂದು ಕೇಳಿದ.

ಉಳಿದವರು ನಕ್ಕರು. ನನಗೆ ನಗಲಾಗಲಿಲ್ಲ. ನೂರೈವತ್ತು ವರ್ಷಗಳಿಂದ ದೊಡ್ಡ ದೊಡ್ಡವರೆಲ್ಲ ಮಂಗಳನ ಮುಂದೆ ಇಟ್ಟಿರುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು.

ಮೊದಲು ಬಣ್ಣದ ಮಾತು. ನಮ್ಮ ಮುರಕಲ್ಲಿಗೆ ವಿಜ್ಞಾನದ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಬಳಿಕ ಈ ಸೀಮೆಯನ್ನೆಲ್ಲ ಸುತ್ತಿದ ಆತ, ಮಲಪ್ಪುರಂ ಕಡೆಯ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆಗೆ ಇರುವ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಕರೆದ. ಲಕ್ಷಾಂತರ ವರ್ಷ ಮಳೆ ಹೊಯ್ದು ಬಂಡೆಯೊಳಗಿನ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು, ಕಬ್ಬಿಣಕ್ಕೆ ತುಕ್ಕು ಹಿಡಿದು ಆದದ್ದು ಇದು. ಅಂದರೆ ನಮ್ಮ ಪದವಿನ ಕೆಂಪು ಮಳೆಯ ಗುರುತು. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಲ್ಲಿ ನಡೆದವರಿಗೆ ಇದನ್ನು ನಂಬುವುದು ಕಷ್ಟ.

ಮಂಗಳನ ಕೆಂಪೂ ತುಕ್ಕೇ. ಆದರೆ ಅದು ಮೇಲುಮೇಲಿನ ಧೂಳು. 2013ರಲ್ಲಿ ಕ್ಯೂರಿಯಾಸಿಟಿ ರೋವರ್ ಅಲ್ಲಿನ ಕಲ್ಲಿಗೆ ಮೊದಲ ಬಾರಿ ಬೈರಿಗೆ ಹಾಕಿದಾಗ ಹೊರಬಂದ ಪುಡಿ ಬೂದು ಬಣ್ಣದ್ದಾಗಿತ್ತು. ಆ ಧೂಳಿಗೆ ತುಕ್ಕು ಹಿಡಿದದ್ದು ನೀರಿಲ್ಲದ ಒಣ ಕಾಲದಲ್ಲಿ ಎಂದು ಬಹುಕಾಲ ನಂಬಲಾಗಿತ್ತು. 2025ರ ಫೆಬ್ರುವರಿಯಲ್ಲಿ ಬಂದ ಒಂದು ಅಧ್ಯಯನ, ಅದರಲ್ಲಿರುವುದು ಫೆರಿಹೈಡ್ರೈಟ್, ತಣ್ಣನೆಯ ನೀರಿನ ಸಂಪರ್ಕದಲ್ಲಿ ಆಗುವ ತುಕ್ಕು ಎಂದು ವಾದಿಸಿತು. ವಾದ ಗಟ್ಟಿಯಾದರೆ ಅಲ್ಲಿನ ಕೆಂಪೂ ನೀರಿನದೇ ಸಹಿ.

ನಮ್ಮ ಪಂಚಾಂಗದವರು ಇವನನ್ನು ಕುಜ ಎಂದರು, ಭೂಮಿಯಲ್ಲಿ ಹುಟ್ಟಿದವನು ಎಂದು ಅದರ ಅರ್ಥ. ಜಾತಕದಲ್ಲಿ ಅವನು ಎಷ್ಟು ಮದುವೆಗಳನ್ನು ಮುಂದೆ ಹಾಕಿಸಿದ್ದಾನೋ ಲೆಕ್ಕವಿಲ್ಲ. ಆ ವಿಷಯದಲ್ಲಿ ನನಗೆ ಅವನ ಪರವಾಗಿ ಬೇಸರವಿದೆ. ಹೆಸರು ಮಾತ್ರ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಹಗಲು ರಾತ್ರಿ ಸೇರಿ 24 ಗಂಟೆ 40 ನಿಮಿಷದಷ್ಟು. ಅಕ್ಷದ ಓರೆ 25 ಡಿಗ್ರಿ, ನಮ್ಮದು 23.5. ಹಾಗಾಗಿ ಋತುಗಳೂ ಇವೆ, ವರ್ಷ ಮಾತ್ರ ನಮ್ಮ 687 ದಿನಗಳಷ್ಟು ಉದ್ದ. ಅಡ್ಡಳತೆ 6,779 ಕಿಲೋಮೀಟರ್, ಭೂಮಿಯ ಅರ್ಧಕ್ಕಿಂತ ತುಸು ಹೆಚ್ಚು. ಗುರುತ್ವ ನಮ್ಮದರ ಶೇ. 38.

ಇಷ್ಟು ಹೋಲಿಕೆ ಕಂಡರೆ ಮನುಷ್ಯ ಸುಮ್ಮನಿರುತ್ತಾನೆಯೇ? 1877ರಲ್ಲಿ ಮಂಗಳ ಹತ್ತಿರ ಬಂದಾಗ ಮಿಲಾನ್ ನಗರದ ಜೊವಾನಿ ಸ್ಕಿಯಾಪರೆಲ್ಲಿ ಅದರ ಮೈಮೇಲೆ ಗೆರೆಗಳನ್ನು ಕಂಡು 'ಕನಾಲಿ' ಎಂದು ಬರೆದ. ಇಟಾಲಿಯನ್ನಿನಲ್ಲಿ ಆ ಪದಕ್ಕೆ ತಾನಾಗಿ ಹರಿದ ತೋಡು ಎಂದೂ ಆಗುತ್ತದೆ, ಮನುಷ್ಯರು ಕಡಿದ ಕಾಲುವೆ ಎಂದೂ ಆಗುತ್ತದೆ. ಇಂಗ್ಲಿಷಿಗೆ ಹೋಗುವಾಗ ಅದು ಬರೀ ಕಾಲುವೆಯಾಯಿತು. ಇಲ್ಲಿ ತೋಡಿಗೂ ಕಣಿಗೂ ವ್ಯತ್ಯಾಸ ಗೊತ್ತಿಲ್ಲದವರು ತೋಟಕ್ಕೆ ಇಳಿಯುವುದಿಲ್ಲ. ಅಲ್ಲಿ ಆ ಒಂದು ಎಡವಟ್ಟಿನಿಂದ ಮೂವತ್ತು ವರ್ಷ ಗಲಾಟೆ ನಡೆಯಿತು. ಬಾಸ್ಟನ್ನಿನ ಶ್ರೀಮಂತ ಪರ್ಸಿವಲ್ ಲೋವೆಲ್ 1894ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ಒಣಗಿ ಸಾಯುತ್ತಿರುವ ಲೋಕವೊಂದರ ಬುದ್ಧಿವಂತರು ಧ್ರುವದ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ಊರಿಗೆ ತರುತ್ತಿದ್ದಾರೆ ಎಂದು ಸಾರಿದ. 1909ರಲ್ಲಿ ಪ್ಯಾರಿಸ್ ಬಳಿಯ ಮ್ಯೂಡಾನ್‌ನ ದೊಡ್ಡ ದೂರದರ್ಶಕದಿಂದ ನೋಡಿದ ಖಗೋಳಜ್ಞ ಅಂತೋನಿಯಾಡಿಗೆ ಒಂದು ಕಾಲುವೆಯೂ ಕಾಣಲಿಲ್ಲ. ಬಿಡಿ ಬಿಡಿ ಮಚ್ಚೆಗಳನ್ನು ಕಣ್ಣು ಗೆರೆಯಾಗಿ ಕೂಡಿಸಿಕೊಂಡಿತ್ತು.

ಲೋವೆಲ್ ಕಂಡ ಕನಸನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಒಣ ಕೆಂಪು ನೆಲದಲ್ಲಿ ನೀರಿಗಾಗಿ ಗುಡ್ಡವನ್ನೇ ಕೊರೆದವರು ಇದ್ದಾರೆ, ಮಂಗಳನಲ್ಲಲ್ಲ, ಬಾಯಾರು, ಎಣ್ಮಕಜೆ, ಶೇಣಿಯಲ್ಲಿ. ಹನ್ನೆರಡು ಹೊಳೆಗಳಿರುವ ಜಿಲ್ಲೆ ನಮ್ಮದು; ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ, ಮೇ ತಿಂಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಹಿರಿಯರು ಗುಡ್ಡದ ಬದಿಗೆ ಅಡ್ಡಕ್ಕೆ ಸುರಂಗ ತೋಡಿದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಪಿಕ್ಕಾಸು ಬೀಸುವಷ್ಟು ಅಗಲ. ಮುರಕಲ್ಲು ನೀರನ್ನು ಕೆಳಗೆ ಬಿಡುತ್ತದೆ, ಅದರ ಅಡಿಯ ಶೇಡಿ ಮಣ್ಣು ಸುಲಭಕ್ಕೆ ಬಿಡುವುದಿಲ್ಲ. ಆ ಸಂದಿನಲ್ಲಿ ಒಸರು ಸಿಕ್ಕಿದರೆ ಪುಣ್ಯ. ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ತೋಡಿದ ಮೊದಲ ಸುರಂಗಗಳಲ್ಲಿ ಹನಿ ನೀರು ಸಿಗಲಿಲ್ಲ. ಬಿಡದೆ ತೋಡಿ ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು.

ಮಂಗಳನ ಕಥೆಗೆ ಬರೋಣ. 1965ರ ಜುಲೈಯಲ್ಲಿ ಅಮೆರಿಕದ ಮ್ಯಾರಿನರ್ 4 ಅದರ ಪಕ್ಕದಿಂದ ಹಾದುಹೋಗುತ್ತ ಇಪ್ಪತ್ತೊಂದು ಚಿತ್ರ ತೆಗೆಯಿತು. ಒಂದೊಂದು ಚಿತ್ರ ಭೂಮಿಗೆ ಬರಲು ಎಂಟು ಗಂಟೆಗೂ ಹೆಚ್ಚು ಹೊತ್ತು. ಕಂಪ್ಯೂಟರ್ ಅದನ್ನು ಚಿತ್ರವಾಗಿ ಮಾಡಿಕೊಡುವವರೆಗೆ ಕಾಯಲಾರದೆ, ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಬರುತ್ತಿದ್ದ ಅಂಕಿಗಳ ಕಾಗದದ ಪಟ್ಟಿಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ಅಂಕಿಗೊಂದು ಬಣ್ಣದಂತೆ ಕ್ರೇಯಾನಿನಲ್ಲಿ ತುಂಬಿದರು. ಬೇರೊಂದು ಗ್ರಹದ ಮೊದಲ ಹತ್ತಿರದ ಚಿತ್ರ ಹೀಗೆ ಅಂಗನವಾಡಿಯ ಮಕ್ಕಳ ಕೆಲಸದಂತೆ ಮೂಡಿತು. ಅದರಲ್ಲಿ ಕಂಡದ್ದು ಮಾತ್ರ ಎದೆಯೊಡೆಯುವಂಥದ್ದು: ಚಂದ್ರನಲ್ಲಿರುವಂತೆ ಗುಂಡಿಗಳು, ಬರಡು. ಗಾಳಿಯ ಒತ್ತಡ ಭೂಮಿಯದರ ನೂರರಲ್ಲಿ ಒಂದಂಶಕ್ಕಿಂತಲೂ ಕಡಿಮೆ, ಅದೂ ಬಹುಪಾಲು ಇಂಗಾಲದ ಡೈಆಕ್ಸೈಡ್. ಆ ಒತ್ತಡದಲ್ಲಿ ನೀರು ನೆಲದ ಮೇಲೆ ನಿಲ್ಲುವುದಿಲ್ಲ. ಹೆಪ್ಪುಗಟ್ಟುತ್ತದೆ, ಇಲ್ಲವೇ ಆವಿಯಾಗುತ್ತದೆ.

ಆ ತೀರ್ಮಾನ ಆರು ವರ್ಷ ಬಾಳಿತು. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ಮಂಗಳನ ಸುತ್ತ ಸುತ್ತಲು ತೊಡಗಿದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಅದೇ ಹೊತ್ತಿನಲ್ಲಿ ಇಳಿದ ಸೋವಿಯತ್ ಒಕ್ಕೂಟದ ಮಾರ್ಸ್ 3 ಕೆಲವೇ ಸೆಕೆಂಡು ಮಾತಾಡಿ ಮೌನವಾಯಿತು. ಮ್ಯಾರಿನರ್ ಮಾತ್ರ ಮೇಲೆಯೇ ಕಾದಿತು. ಧೂಳು ಇಳಿದಂತೆ ಮೊದಲು ನಾಲ್ಕು ಬೆಟ್ಟಗಳ ನೆತ್ತಿ ಕಂಡಿತು. ಅವು ಜ್ವಾಲಾಮುಖಿಗಳು, ಅವುಗಳಲ್ಲಿ ಒಲಿಂಪಸ್ ಮಾನ್ಸ್ ಸುಮಾರು 22 ಕಿಲೋಮೀಟರ್ ಎತ್ತರ. ಆಮೇಲೆ ನಾಲ್ಕು ಸಾವಿರ ಕಿಲೋಮೀಟರ್ ಉದ್ದದ ಕಮರಿ. ಆಮೇಲೆ ಒಣಗಿದ ಹೊಳೆಗಳು, ಕವಲೊಡೆದು, ತಿರುಗಿ, ತಗ್ಗಿನ ಕಡೆಗೆ ಹೋದವು. ಕಾಲುವೆ ಇರಲಿಲ್ಲ, ತೋಡು ಇತ್ತು. ಸ್ಕಿಯಾಪರೆಲ್ಲಿ ಕಂಡ ಗೆರೆಗೂ ಇವಕ್ಕೂ ಸಂಬಂಧವಿಲ್ಲ, ಆದರೂ ಅವನ ಪದ ಗೆದ್ದಿತು.

ಹಾಗಾದರೆ ಆ ನೀರು ಎಲ್ಲಿ ಹೋಯಿತು? ಒಲೆಯಿಂದ ಬೆಂಕಿ ತೆಗೆದ ಮೇಲೂ ಬಚ್ಚಲ ಹಂಡೆಯ ನೀರು ಬೆಳಗಿನವರೆಗೆ ಬೆಚ್ಚಗಿರುತ್ತದೆ; ಚೆಂಬಿನ ನೀರು ಅರೆಗಳಿಗೆಯಲ್ಲಿ ತಣಿಯುತ್ತದೆ. ಮಂಗಳ ಚೆಂಬು. ಅದರ ಒಡಲು ಬೇಗ ತಣಿದು, ಸುಮಾರು 400 ಕೋಟಿ ವರ್ಷಗಳ ಹಿಂದೆ ಅದರ ಕಾಂತಕ್ಷೇತ್ರ ನಂದಿಹೋಯಿತು. ಆ ಕೊಡೆ ಇಲ್ಲದೆ ಹೋದಾಗ ಸೂರ್ಯನಿಂದ ಬೀಸುವ ಕಣಗಳ ಗಾಳಿ ಅಲ್ಲಿನ ವಾತಾವರಣವನ್ನು ಸವೆಸಿತು. 2014ರಿಂದ ಸುತ್ತಿದ ಮಾವೆನ್ ನೌಕೆ ಈ ಸವೆತ ಇಂದಿಗೂ ನಡೆಯುತ್ತಿರುವುದನ್ನು ಅಳೆದು ತೋರಿಸಿತು. ನೀರಿನ ಒಂದು ಪಾಲು ಹೀಗೆ ಆಕಾಶಕ್ಕೆ ಹೋಯಿತು. ಉಳಿದದ್ದು ಕೆಳಗೆ.

ಕೆಳಗೆ ಎಂದರೆ ಎಷ್ಟು ಕೆಳಗೆ ಎಂಬುದೇ ಆಮೇಲಿನ ಚರಿತ್ರೆ. 1976ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳು ಜೀವ ಹುಡುಕಿದವು, ನಿಖರ ಉತ್ತರ ಸಿಗಲಿಲ್ಲ. ಅವು ಕಳಿಸಿದ ಮೊದಲ ಬಣ್ಣದ ಚಿತ್ರವನ್ನು ಆಕಾಶ ನೀಲಿಯಾಗಿ ಕಾಣುವಂತೆ ಬಿಡುಗಡೆ ಮಾಡಿ, ಆಮೇಲೆ ಗುಲಾಬಿ ಎಂದು ತಿದ್ದಬೇಕಾಯಿತು. ಆಕಾಶವೆಂದರೆ ನೀಲಿ ಎಂಬ ಅಭ್ಯಾಸ ಅಷ್ಟು ಗಟ್ಟಿ. 2002ರಲ್ಲಿ ಒಡಿಸ್ಸಿ ನೌಕೆ ಧ್ರುವಗಳ ಕಡೆ ಮೇಲಿನ ಒಂದು ಮೀಟರ್ ಮಣ್ಣಿನಲ್ಲೇ ಹೇರಳ ಹಿಮವಿರುವ ಸುಳಿವು ಕೊಟ್ಟಿತು. 2008ರಲ್ಲಿ ಉತ್ತರದಲ್ಲಿ ಇಳಿದ ಫೀನಿಕ್ಸ್ ತನ್ನ ಕೈಯಿಂದ ಒಂದು ಗೇಣಿಗೂ ಕಡಿಮೆ ಆಳದ ಕಣಿ ತೆಗೆಯಿತು. ಅಡಿಯಲ್ಲಿ ದಾಳದಷ್ಟು ದೊಡ್ಡ ಬಿಳಿ ಚೂರುಗಳು. ನಾಲ್ಕು ದಿನ ಬಿಟ್ಟು ತೆಗೆದ ಚಿತ್ರದಲ್ಲಿ ಅವು ಇಲ್ಲ. ಉಪ್ಪಾಗಿದ್ದರೆ ಅಲ್ಲೇ ಇರುತ್ತಿತ್ತು. ಮಾಯವಾದದ್ದರಿಂದಲೇ ಅದು ನೀರಿನ ಹಿಮ ಎಂದು ಖಚಿತವಾಯಿತು. ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಇಷ್ಟದ ಸಾಕ್ಷ್ಯ ಇದು.

ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಅಲ್ಲಿಗೆ ತಲುಪಿತು. ಸುಮಾರು ಮುನ್ನೂರು ದಿನ ಮಲಗಿದ್ದ ಎಂಜಿನ್ ಏಳುತ್ತದೋ ಇಲ್ಲವೋ ಎಂದು ಬೆಂಗಳೂರಿನಲ್ಲಿ ಕಾದಂತೆ ಇಲ್ಲಿ ಟಿವಿಯ ಮುಂದೆ ನಾವೂ ಕಾದಿದ್ದೆವು. 450 ಕೋಟಿ ರೂಪಾಯಿಯಲ್ಲಿ, ಮೊದಲ ಪ್ರಯತ್ನದಲ್ಲೇ ಹೋದದ್ದು. ಆರು ತಿಂಗಳಿಗೆಂದು ಕಳಿಸಿದ್ದು ಏಳೂವರೆ ವರ್ಷ ಬದುಕಿತು. ವಿಜ್ಞಾನದ ಲಾಭ ನಾವು ಎದೆ ತಟ್ಟಿಕೊಂಡಷ್ಟು ದೊಡ್ಡದಲ್ಲ ಎಂದು ಹೇಳಿದರೆ ಯಾರೂ ಕೋಪಿಸಿಕೊಳ್ಳಬಾರದು. ಅದು ಒಯ್ದ ಐದು ಉಪಕರಣಗಳ ಒಟ್ಟು ತೂಕ 15 ಕಿಲೋ. ದಾರಿ ಕಲಿಯಲು ಹೋದ ನೌಕೆ, ದಾರಿ ಕಲಿತಿತು.

ನಡುವೆ ಸುಳ್ಳು ಒಸರುಗಳೂ ಇದ್ದವು. ಕೆಲವು ಇಳಿಜಾರುಗಳಲ್ಲಿ ಬೇಸಿಗೆಗೆ ಮೂಡಿ ಚಳಿಗೆ ಮಾಸುವ ಕಪ್ಪು ಗೆರೆಗಳನ್ನು ತೋರಿಸಿ 2015ರಲ್ಲಿ ನಾಸಾ ಹರಿಯುವ ಉಪ್ಪುನೀರಿನ ಮಾತಾಡಿತು; 2017ರ ಹೊತ್ತಿಗೆ ಅದು ಜಾರುವ ಒಣ ಹೊಯಿಗೆ ಇರಬೇಕು ಎಂಬ ವಾದ ಬಲವಾಯಿತು. 2018ರಲ್ಲಿ ದಕ್ಷಿಣ ಧ್ರುವದ ಹಿಮದಡಿ ಸರೋವರವಿದೆ ಎಂದು ರೇಡಾರ್ ನೋಡಿ ಹೇಳಿದರು; ಜೇಡಿಮಣ್ಣೂ ಹಾಗೆಯೇ ಹೊಳೆಯುತ್ತದೆ ಎಂದು ಬೇರೆಯವರು ಆಕ್ಷೇಪಿಸಿದರು. ಕವಲುಕಡ್ಡಿ ಹಿಡಿದು ನೀರು ನೋಡುವವರನ್ನು ನಂಬಿ ಬೋರ್‌ವೆಲ್‌ಗೆ ದುಡ್ಡು ಹಾಕಿದ ನಮ್ಮ ಊರವರಿಗೆ ಇದು ಹೊಸ ಅನುಭವವಲ್ಲ. ವ್ಯತ್ಯಾಸವೆಂದರೆ ಅಲ್ಲಿನವರು ತಪ್ಪಾದದ್ದನ್ನು ಅಚ್ಚುಹಾಕಿ ಹೇಳುತ್ತಾರೆ.

ಗಟ್ಟಿಯಾಗಿ ನಿಂತ ಸುಳಿವುಗಳು ಹಳೆಯ ನೀರಿನವು. 2012ರಲ್ಲಿ ಕ್ಯೂರಿಯಾಸಿಟಿ ಇಳಿದ ಗೇಲ್ ಕುಳಿಯಲ್ಲಿ ಹೊಳೆ ಉರುಳಿಸಿ ನುಣುಪು ಮಾಡಿದ ಗುಂಡುಕಲ್ಲುಗಳಿದ್ದವು. 2021ರ ಫೆಬ್ರುವರಿಯಲ್ಲಿ ಪರ್ಸೆವೆರೆನ್ಸ್ ಇಳಿದದ್ದು ಜೆಜೆರೋ ಎಂಬ ಹಳೆಯ ಸರೋವರದಲ್ಲಿ, ಹೊಳೆಯೊಂದು ಬಂದು ಸೇರುತ್ತಿದ್ದ ಅಳಿವೆಯ ಬಳಿ. ಅಲ್ಲಿ ಚದುರಿಬಿದ್ದ ಬಿಳಿಚು ಕಲ್ಲುಗಳಲ್ಲಿ ಸಿಕ್ಕಿದ್ದು ಕೆಯೊಲಿನೈಟ್. ನಮ್ಮ ಮುರಕಲ್ಲಿನ ಅಡಿಯ ಶೇಡಿ ಮಣ್ಣಿನ ಮುಖ್ಯ ಖನಿಜವೂ ಅದೇ. ಬಂಡೆ ಬಹುಕಾಲ ನೀರಿನಲ್ಲಿ ತೊಳೆದುಹೋದರೆ ಅದು ಉಳಿಯುತ್ತದೆ. ಹುಡುಗ ಹೇಳಿದ 'ನಮ್ಮ ಪದವಿನ ಹಾಗೆ' ಎಂಬುದು ತೀರ ಪೊಳ್ಳು ಮಾತಲ್ಲ.

ಅವನ ಸುರಂಗದ ಪ್ರಶ್ನೆಗೆ ಹತ್ತಿರದ ಉತ್ತರ ಇನ್‌ಸೈಟ್ ನೌಕೆಯಲ್ಲಿದೆ. 2018ರ ನವೆಂಬರಿನಲ್ಲಿ ಇಳಿದ ಅದು ಮಂಗಳನ ಕಂಪನಗಳನ್ನು ಕೇಳಲು ಕಿವಿಯಿಟ್ಟು ಕೂತಿತು. ನೆಲದ ಬಿಸಿ ಅಳೆಯಲೆಂದು ಜರ್ಮನರು ಮಾಡಿದ, 40 ಸೆಂಟಿಮೀಟರ್ ಉದ್ದದ ಮೊಳೆಯಂಥ ಉಪಕರಣವೂ ಅದರಲ್ಲಿತ್ತು. ತನ್ನನ್ನು ತಾನೇ ಬಡಿದುಕೊಂಡು ಐದು ಮೀಟರ್ ಇಳಿಯಬೇಕಿತ್ತು. ಸುಮಾರು ಎರಡು ವರ್ಷ ಬಡಿದರೂ ಅದರ ನೆತ್ತಿ ನೆಲದಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋದದ್ದೇ ಸಾಧನೆ. 2021ರ ಜನವರಿಯಲ್ಲಿ ಕೈಬಿಟ್ಟರು.

ಹಿಂದೆ ಸುರಂಗ ತೋಡುತ್ತಿದ್ದ ನೆರೆಮನೆಯ ಅಜ್ಜನಿಗೆ ಆ ಗುಂಡಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಹಾಳೆಯ ಮುಟ್ಟಾಳೆಯನ್ನು ಹಿಂದಕ್ಕೆ ಸರಿಸಿ ತುಂಬ ಹೊತ್ತು ನೋಡಿದರು. ಮೊಳೆಯ ಸುತ್ತ ಮಣ್ಣು ಕುಸಿದು ತುಂಬದೆ, ಅಂಚು ಕಟ್ಟಿ ನಿಂತಿತ್ತು. "ಇದು ಹೊಯಿಗೆ ಅಲ್ಲ, ಕಟ್ಟಿದ ಮಣ್ಣು. ಹಿಡಿತ ಸಿಗದೆ ಮೊಳೆ ಅಲ್ಲೇ ಕುಣಿಯುತ್ತದೆ" ಎಂದರು ತುಳುವಿನಲ್ಲಿ. ಎಂಜಿನಿಯರುಗಳು ಕೊನೆಗೆ ಹೇಳಿದ್ದೂ ಅದನ್ನೇ: ಸಡಿಲ ಮರಳು ಮೊಳೆಯನ್ನು ಸುತ್ತ ಒತ್ತಿ ಹಿಡಿಯುತ್ತದೆಂದು ನಂಬಿದ್ದರು, ಮಣ್ಣು ಹೆಂಟೆಗಟ್ಟಿತ್ತು.

ನೀರು ಇದೆಯಂತೋ ಎಂದು ಅಜ್ಜ ಕೇಳಿದರು. ಇನ್‌ಸೈಟ್ ಕೇಳಿಸಿಕೊಂಡ ಕಂಪನಗಳ ಲೆಕ್ಕ ಹಿಡಿದು 2024ರಲ್ಲಿ ಮೂವರು ವಿಜ್ಞಾನಿಗಳು, ಅದರ ಅಡಿಯಲ್ಲಿ ಹನ್ನೊಂದೂವರೆಯಿಂದ ಇಪ್ಪತ್ತು ಕಿಲೋಮೀಟರ್ ಆಳದ ಬಿರುಕುಬಿಟ್ಟ ಬಂಡೆಯಲ್ಲಿ ನೀರು ದ್ರವರೂಪದಲ್ಲೇ ಇರಬಹುದು ಎಂದಿದ್ದಾರೆ, ಎಲ್ಲರೂ ಒಪ್ಪಿಲ್ಲ. ಭೂಮಿಯಲ್ಲೇ ಮನುಷ್ಯ ಕೊರೆದ ಅತಿ ಆಳದ ತೂತು, ರಷ್ಯಾದ ಕೋಲಾದಲ್ಲಿರುವುದು, ಸುಮಾರು ಇಪ್ಪತ್ತು ವರ್ಷ ಕೊರೆದು 12,262 ಮೀಟರ್ ಮುಟ್ಟಿ ನಿಂತಿತು. ಇದನ್ನೆಲ್ಲ ಹೇಳಿದೆ.

"ಎಷ್ಟು ಕೋಲು ಆಯಿತು?" ಎಂದರು. ಸುರಂಗದವರ ಅಳತೆ ಕೋಲು, ಸುಮಾರು ಎರಡೂವರೆ ಅಡಿ. ಮೊಬೈಲಿನಲ್ಲೇ ಭಾಗಿಸಿ, ಕಡಿಮೆ ಎಂದರೂ ಹದಿನೈದು ಸಾವಿರ ಎಂದೆ.

"ಅಷ್ಟು ಒಳಗೆ ಮೇಣದಬತ್ತಿ ನಿಲ್ಲುವುದಿಲ್ಲ" ಎಂದರು. ಸುರಂಗದೊಳಗೆ ಉಸಿರಿಗೆ ಗಾಳಿ ಸಾಕೇ ಎಂದು ನೋಡಲು ಅವರು ಹಚ್ಚಿಕೊಂಡು ಹೋಗುತ್ತಿದ್ದದ್ದು ಅದನ್ನೇ. ಬತ್ತಿ ಆರಿದರೆ ಕೆಲಸ ಬಿಟ್ಟು ಹೊರಗೆ ಬರಬೇಕು.

"ಅಲ್ಲಿ ಹೊರಗೂ ಮೇಣದಬತ್ತಿ ಹತ್ತುವುದಿಲ್ಲ ಅಜ್ಜ" ಎಂದೆ.

"ಹಾಗಾದರೆ ಒಳಗೆ ಹೋಗಬಾರದು" ಎಂದು ಮೊಬೈಲು ಹಿಂದಕ್ಕೆ ಕೊಟ್ಟರು.