ಗಿಟಾರ್ ಆಗದ ಬೆಳ್ಳಿ ಡಬ್ಬಿ

ಮನೆಯಲ್ಲಿ ಯಾರೂ ಇಲ್ಲದಾಗ ಒಂದು ಕೆಲಸ ಮಾಡಿ. ಒಂದೇ ಶ್ರುತಿಯಲ್ಲಿ ‘ಊ’ ಅಂತ ಎಳೆಯಿರಿ. ಶ್ರುತಿ ಅಲುಗದಂತೆ ನೋಡಿಕೊಂಡು ಬಾಯಿಯನ್ನು ನಿಧಾನವಾಗಿ ‘ಈ’ಗೆ ತನ್ನಿ. ಗಂಟಲಿನಿಂದ ಹೊರಡುತ್ತಿರುವುದು ಅದೇ ಸ್ವರ. ಆದರೂ ಮಬ್ಬಾಗಿದ್ದ ದನಿ ಚೂಪಾಯಿತು, ಅಲ್ವಾ? ಇನ್ನಷ್ಟು ನಿಧಾನ ಮಾಡಿ ಕಿವಿಗೊಟ್ಟರೆ, ನಡುವೆ ಸೀಟಿಯಂಥ ಸಣ್ಣ ಸ್ವರಗಳು ಒಂದೊಂದೇ ಮೆಟ್ಟಿಲು ಹತ್ತುವುದೂ ಕೇಳಿಸುತ್ತದೆ.

ಇಷ್ಟನ್ನೇ ಮಾಡುವ ಒಂದು ಡಬ್ಬಿ 1980ರ ದಶಕದಲ್ಲಿ ಶಿಕಾಗೊದ ಹುಡುಗ ಹುಡುಗಿಯರನ್ನು ಬೆಳಗಾಗುವವರೆಗೆ ಕುಣಿಸಿತು. ಅದನ್ನು ತಯಾರಿಸಿದವರು ಅದಕ್ಕೆ ವಹಿಸಿದ್ದ ಕೆಲಸವೇ ಬೇರೆ.

ಡಬ್ಬಿಯ ಹೆಸರು ಟಿಬಿ-303. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ತಂದಿತು. ರೂಪಿಸಿದವರು ಎಂಜಿನಿಯರ್ ತಡಾವೊ ಕಿಕುಮೊಟೊ. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಮೈ, ಮೇಲೆ ಒಂದು ಸಾಲು ಸಣ್ಣ ನಾಬ್‌ಗಳು, ಬ್ಯಾಟರಿ ಹಾಕಿದರೆ ಎಲ್ಲಿಗಾದರೂ ಒಯ್ಯಬಹುದು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಲ್ಲಿ ಬೇಸ್ ಗಿಟಾರ್ ನುಡಿಸಲಿ ಎಂಬುದು ಉದ್ದೇಶ. ನಮ್ಮಲ್ಲಿ ಸಂಗೀತ ಕಲಿಯುವ ಮನೆಗಳಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇರುತ್ತದಲ್ಲ, ಬೆಂಗಳೂರಿನ ರೇಡೆಲ್‌ನವರದ್ದು? ಹೆಚ್ಚುಕಡಿಮೆ ಅದೇ ಆಸೆ. ಶ್ರುತಿಪೆಟ್ಟಿಗೆ ಮನೆಮನೆ ಸೇರಿತು. 303 ಮೂಲೆ ಸೇರಿತು.

ಸೇರದೆ ಇನ್ನೇನು! ಅದರ ದನಿ ಬೇಸ್ ಗಿಟಾರಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಅದಕ್ಕೆ ಪಾಠ ಹೇಳಿಕೊಡುವುದಂತೂ ತಲೆನೋವು. ಮೊದಲು ಬರೀ ಸ್ವರಗಳನ್ನು ಸಾಲಾಗಿ ಒತ್ತಬೇಕು. ಯಾವ ಸ್ವರ ಎಷ್ಟು ಹೊತ್ತು, ಎಲ್ಲಿ ಮೌನ ಎಂಬುದನ್ನು ಆಮೇಲೆ ಬೇರೆಯಾಗಿ ಕೊಡಬೇಕು. ಗೀತೆಯ ಸ್ವರವೆಲ್ಲ ಸೋಮವಾರ ಕಲಿತು ತಾಳ ಮಂಗಳವಾರ ಕಲಿತ ಹಾಗೆ. 1984ಕ್ಕೆ ರೋಲ್ಯಾಂಡ್ ತಯಾರಿಕೆ ನಿಲ್ಲಿಸಿತು. ಅಷ್ಟರಲ್ಲಿ ಆಗಿದ್ದು ಸುಮಾರು 10,000 ಡಬ್ಬಿ. ಅವುಗಳಲ್ಲಿ ಎಷ್ಟೋ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು.

ಈಗ ಡಬ್ಬಿ ಬಿಚ್ಚೋಣ. ಒಳಗೆ ದನಿ ಹುಟ್ಟಿಸುವ ಒಂದು ಸರ್ಕ್ಯೂಟ್ ಇದೆ. ಅದು ಕೊಡುವುದು ಗರಗಸದ ಹಲ್ಲಿನ ಆಕಾರದ ಅಲೆ. ಸೆಕೆಂಡಿಗೆ 55 ಸಲ ಕಂಪಿಸುವ ತಗ್ಗು ಸ್ವರ ಒತ್ತಿದಿರಿ ಅನ್ನಿ. ಹೊರಡುವುದು 55 ಒಂದೇ ಅಲ್ಲ. 110, 165, 220, 275 ಹೀಗೆ ಅದರ ಮಗ್ಗಿಯೆಲ್ಲ ಜೊತೆಗೆ ಹೊರಡುತ್ತದೆ. ಎರಡನೆಯದರ ಅಲೆಯ ಎತ್ತರ, ಅಂದರೆ ಬಲ, ಮೊದಲಿನದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು. ಇವೇ ಹಾರ್ಮೋನಿಕ್‌ಗಳು. ನಮ್ಮ ಗಂಟಲೂ ಇಂಥದೇ ಗೊಂಚಲನ್ನು ಹೊರಡಿಸುತ್ತದೆ.

ಆ ಗೊಂಚಲು ಮುಂದೆ ಒಂದು ಜರಡಿಗೆ ಬೀಳುತ್ತದೆ. ಜರಡಿ ಒಂದು ಗಡಿಯಿಂದ ಕೆಳಗಿನದನ್ನು ಬಿಡುತ್ತದೆ, ಮೇಲಿನದನ್ನು ತಡೆಯುತ್ತದೆ. ಗಡಿ ಎಲ್ಲಿರಬೇಕು ಎಂದು ಹೇಳುವುದು ‘ಕಟಾಫ್’ ನಾಬ್. ಪಕ್ಕದಲ್ಲೇ ‘ರೆಸೊನೆನ್ಸ್’ ನಾಬ್ ಇದೆ. ಮಜಾ ಇರುವುದು ಇಲ್ಲಿ. ಇದನ್ನು ತಿರುಗಿಸಿದರೆ ಜರಡಿಯಿಂದ ಹೊರಬಂದದ್ದರಲ್ಲಿ ಸ್ವಲ್ಪ ಮತ್ತೆ ಜರಡಿಗೇ ಹೋಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಗಡಿಯ ಆಸುಪಾಸಿನ ಹಾರ್ಮೋನಿಕ್ ಮಾತ್ರ ಜಿಗಿದು ಮೇಲೇಳುತ್ತದೆ. ಗಡಿ 165ರ ಬಳಿ ಇದ್ದರೆ ಮೂರನೆಯದು ಕೂಗುತ್ತದೆ. 220ಕ್ಕೆ ಸರಿಸಿದರೆ ನಾಲ್ಕನೆಯದು. ನಾಬ್ ತಿರುಗುತ್ತಾ ಹೋದಂತೆ ಒಂದೊಂದೂ ಸರದಿಯಲ್ಲಿ ತಲೆಯೆತ್ತುತ್ತದೆ. ನಿಮ್ಮ ‘ಊ’ ‘ಈ’ ಆದದ್ದೂ ಹೀಗೇ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಒಂದು ಎಳೆ ನೂಲು ಸಿಕ್ಕಿಸಿ ‘ಜೀವ’ ಕೂಡಿಸುತ್ತಾರಲ್ಲ, ಆಗ ದನಿ ಬಿರಿದು ಹರಡುವುದೂ ಹಾರ್ಮೋನಿಕ್‌ಗಳ ಆಟವೇ.

ಇನ್ನೊಂದು ಸಣ್ಣ ಗುಟ್ಟಿದೆ. ಕೆಲವು ಸ್ವರಗಳಿಗೆ ‘ಆಕ್ಸೆಂಟ್’ ಅಂದರೆ ಒತ್ತು ಕೊಡಬಹುದು. ಒತ್ತು ಬಿದ್ದಾಗ ಕೆಪಾಸಿಟರ್ ಎಂಬ, ವಿದ್ಯುತ್ ಹಿಡಿದಿಡುವ ಒಂದು ಪುಟ್ಟ ಭಾಗ ತುಂಬಿಕೊಂಡು ಗಡಿಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಪೂರ್ತಿ ಖಾಲಿಯಾಗುವ ಮೊದಲೇ ಇನ್ನೊಂದು ಒತ್ತು ಬಂತೋ, ಉಳಿದದ್ದರ ಮೇಲೆ ಮತ್ತಷ್ಟು ಸೇರುತ್ತದೆ. ಹಾಗಾಗಿ ಸಾಲಾಗಿ ಮೂರು ಒತ್ತು ಕೊಟ್ಟರೆ ಮೂರನೆಯದು ಮೊದಲಿನದಕ್ಕಿಂತ ಜಾಸ್ತಿ ಚೀರುತ್ತದೆ. ಬರೆದಿಟ್ಟ ಸ್ವರ ಅದೇ ಇರುತ್ತದೆ, ಡಬ್ಬಿಗೆ ಮಾತ್ರ ರೋಷ ಏರುತ್ತಿರುತ್ತದೆ. ಬೇಸ್ ಗಿಟಾರಿಗೆ ಇದರ ಅಗತ್ಯ ಎಷ್ಟಿತ್ತೋ, ಕುಣಿಯುವವರಿಗೆ ಮಾತ್ರ ಬೇಕೇ ಬೇಕಿತ್ತು.

ಅವರು ಇದ್ದದ್ದು ಶಿಕಾಗೊದಲ್ಲಿ. 1979ರ ಜುಲೈನಲ್ಲಿ ಅಲ್ಲಿನ ಒಂದು ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಗುಡ್ಡೆ ಹಾಕಿ ಸಿಡಿಸಿದ್ದರು. ಡಿಸ್ಕೋ ಸತ್ತಿತು ಎಂದು ಬಹಳ ಜನ ಸಂಭ್ರಮಪಟ್ಟರು. ಕಪ್ಪು ಜನಾಂಗದ, ಅದರಲ್ಲೂ ಸಲಿಂಗಿ ಹುಡುಗರು ಸೇರುತ್ತಿದ್ದ ಕ್ಲಬ್ಬುಗಳಲ್ಲಿ ಅದು ಸಾಯಲಿಲ್ಲ. ‘ವೇರ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ಹಳೆಯ ರೆಕಾರ್ಡುಗಳ ಜೊತೆ ಹೊಸ ಯಂತ್ರಗಳ ತಾಳ ಬೆರೆಸಿ ನುಡಿಸುತ್ತಿದ್ದರು. ‘ಹೌಸ್’ ಸಂಗೀತಕ್ಕೆ ಹೆಸರು ಬಂದದ್ದು ಆ ಕ್ಲಬ್ಬಿನಿಂದಲೇ ಎನ್ನುತ್ತಾರೆ.

ಅದೇ ಊರಿನ ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಮೂವರು ಗೆಳೆಯರ ಕೈಗೆ ಒಂದು ಹಳೆಯ 303 ಸಿಕ್ಕಿತು. ಸರಿಯಾಗಿ ನುಡಿಸಲು ಅವರಿಗೂ ಬರಲಿಲ್ಲ. ಒಂದೇ ಸ್ವರಸಾಲು ಸುತ್ತುತ್ತಿರುವಾಗ ಪಿಯರ್ ಸುಮ್ನೆ ನಾಬ್‌ಗಳನ್ನು ತಿರುಗಿಸತೊಡಗಿದರು. ಗಿಟಾರ್ ಅಭ್ಯಾಸಕ್ಕಾದರೆ ಆ ನಾಬ್‌ಗಳನ್ನು ಒಮ್ಮೆ ಹೊಂದಿಸಿಟ್ಟು ಮರೆತುಬಿಡಬಹುದು. ಇಲ್ಲಿ ಅವೇ ವಾದ್ಯವಾದವು. ರೆಕಾರ್ಡ್ ಮಾಡಿದ್ದನ್ನು ‘ಮ್ಯೂಸಿಕ್ ಬಾಕ್ಸ್’ ಕ್ಲಬ್ಬಿನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಮೊದಲ ಸಲ ಹಾಕಿದಾಗ ಜನ ಕುಣಿಯುವ ಜಾಗ ಬಿಟ್ಟು ಎದ್ದುಹೋದರು ಎಂದು ಪಿಯರ್ ನೆನೆಸಿಕೊಂಡಿದ್ದಾರೆ. ಹಾರ್ಡಿ ಬಿಡಲಿಲ್ಲ. ಅದೇ ರಾತ್ರಿ ಮತ್ತೆ ಹಾಕಿದರು, ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಕ್ಲಬ್ಬು ಹುಚ್ಚೆದ್ದಿತು. 1987ರಲ್ಲಿ ಅದು ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ಹೊರಬಂತು. ಸುಮಾರು ಹನ್ನೊಂದು ನಿಮಿಷ. ಸ್ವರ ಎಣಿಸಿದರೆ ಬೆರಳೆಣಿಕೆ. ಬದಲಾಗುವುದು ಬಣ್ಣವೊಂದೇ.

ಅಲ್ಲಿಂದ ಇದು ಇಂಗ್ಲೆಂಡಿಗೆ ಹಾರಿತು. 1988ರ ಬೇಸಿಗೆಯಲ್ಲಿ ಲಂಡನ್ನಿನ ಕ್ಲಬ್ಬುಗಳು, ಆಮೇಲೆ ಖಾಲಿ ಗೋದಾಮುಗಳು, ಹೊಲ ಗದ್ದೆಗಳು. ಹಳದಿ ಸ್ಮೈಲಿ ಮುಖ ಎಲ್ಲರ ಟೀ-ಶರ್ಟಿನ ಮೇಲೆ. ಜೊತೆಗೆ ಮಾದಕ ಮಾತ್ರೆಗಳೂ ಬಂದವು, ಪತ್ರಿಕೆಗಳ ಗದ್ದಲವೂ ಬಂತು. ಕೊನೆಗೆ 1994ರಲ್ಲಿ ಅಲ್ಲಿನ ಸಂಸತ್ತು ರಾತ್ರಿ ಬಯಲಲ್ಲಿ 100 ಜನ ಸೇರಿ ಕುಣಿಯುವುದನ್ನು ತಡೆಯಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಯಾವ ಸಂಗೀತಕ್ಕೆ ಎಂದು ಹೇಳಬೇಕಲ್ಲ? ‘ಒಂದೇ ಸಮನೆ ಮರುಕಳಿಸುವ ಬಡಿತ’ವುಳ್ಳದ್ದೂ ಸೇರಿತು ಎಂಬರ್ಥದ ಮಾತನ್ನು ಕಾಯ್ದೆಯೊಳಗೇ ಬರೆದರು. ಆ ಲೆಕ್ಕದಲ್ಲಿ ನಮ್ಮ ಡೊಳ್ಳು ಕುಣಿತದವರೂ ಠಾಣೆಗೆ ಹೋಗಬೇಕಾಗುತ್ತಿತ್ತು.

ಇಷ್ಟೆಲ್ಲ ಆಗಿ ಎಷ್ಟೋ ವರ್ಷದ ಮೇಲೆ ಒಂದು ಹಳೆಯ ಎಲ್‌ಪಿ ಈ ಕಥೆಯ ತಲೆ ಬುಡ ಅಲ್ಲಾಡಿಸಿತು. ಅದು ಬಂದದ್ದು 1982ರಲ್ಲಿ, ಬೊಂಬಾಯಿಯಲ್ಲಿ. ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಮಾಡಿದವರು ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್. ಭೈರವ್, ಯಮನ್, ಮಾಲ್ಕೌಂಸ್ ಎಲ್ಲ ಅದರಲ್ಲಿವೆ. ತಾಳಕ್ಕೆ ರೋಲ್ಯಾಂಡಿನದೇ 808 ಎಂಬ ತಾಳಯಂತ್ರ, ಕೆಳಗೆ ಹರಿಯುವ ದನಿಗೆ 303. ಈ ಡಬ್ಬಿಯಲ್ಲಿ ‘ಸ್ಲೈಡ್’ ಎಂಬ ಸೌಕರ್ಯವಿದೆ. ಅದನ್ನು ಒತ್ತಿದರೆ ಒಂದು ಸ್ವರ ನಿಂತು ಇನ್ನೊಂದು ಶುರುವಾಗುವುದಿಲ್ಲ, ಜಾರಿಕೊಂಡೇ ಹೋಗುತ್ತದೆ. ಮೀಂಡ್ ಕೇಳಿ ಬೆಳೆದ ಕಿವಿಗೆ ಇದರ ಉಪಯೋಗ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಗ ಆ ರೆಕಾರ್ಡನ್ನು ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಅದು ಯುರೋಪಿನಲ್ಲಿ ಮರುಬಿಡುಗಡೆಯಾದಾಗ, ಶಿಕಾಗೊಗಿಂತ ಐದು ವರ್ಷ ಮೊದಲೇ ಇಂಥ ದನಿ ಇತ್ತು ಎಂಬುದನ್ನು ಹಲವರು ನಂಬಲಿಲ್ಲ. ಈಗ ಯಾರೋ ಮಾಡಿ ಹಳೆಯದೆಂದು ಬಿಟ್ಟಿದ್ದಾರೆ ಅಂದರು. ಎಪ್ಪತ್ತು ದಾಟಿದ್ದ ಚರಣ್‌ಜಿತ್ ಸಿಂಗ್ ಅವರನ್ನು ಪತ್ರಕರ್ತರು ಹುಡುಕಿಕೊಂಡು ಹೋದರು. ಅವರ ವಿವರಣೆ ಸರಳವಾಗಿತ್ತು. ಆಗ ಸಿನಿಮಾದಲ್ಲೆಲ್ಲ ಡಿಸ್ಕೋ ಇತ್ತು, ತಬಲಾ ನಿಲ್ಲಿಸಿ ಆ ತಾಳಕ್ಕೆ ರಾಗ ನುಡಿಸೋಣ ಅನ್ನಿಸಿತು, ನುಡಿಸಿದೆ, ಚೆನ್ನಾಗಿಯೇ ಬಂತು.