ಮೂತ್ರ ಸರಿಯಾಗಿ ಹೋಗುತ್ತಿದ್ದರೂ ಕಿಡ್ನಿ ಸೋತಿರಬಹುದು

"ಮೂತ್ರ ಚೆನ್ನಾಗೇ ಹೋಗ್ತಿದೆ ಡಾಕ್ಟ್ರೇ, ಕಿಡ್ನಿಗೇನಾಗಿರತ್ತೆ?" ಮಳೆಗಾಲದ ಜ್ವರ ಹೊತ್ತು ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರು ಕೇಳುವ ಪ್ರಶ್ನೆ ಇದು. ಉತ್ತರ ಒಂದು ಲೆಕ್ಕದಲ್ಲಿದೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಪ್ರತಿಯೊಂದರ ತುದಿಯಲ್ಲಿ ಗ್ಲೋಮೆರುಲಸ್ ಎಂಬ ನವಿರು ರಕ್ತನಾಳಗಳ ಉಂಡೆ. ಅದಕ್ಕೆ ರಕ್ತ ತರುವ ನಾಳ ಅಗಲ, ಒಯ್ಯುವ ನಾಳ ಕಿರಿದು. ಹಾಗಾಗಿ ಒಳಗೆ ಒತ್ತಡ ಏರುತ್ತದೆ. ಸೋಸುವ ಕೆಲಸವೆಲ್ಲ ಆ ಒತ್ತಡದ್ದೇ. ನೀರು, ಲವಣ, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್ ಆಚೆ ಜಿನುಗುತ್ತವೆ. ರಕ್ತಕಣ, ಆಲ್ಬುಮಿನ್ ಎಂಬ ಪ್ರೋಟೀನ್ ಒಳಗೇ ಉಳಿಯುತ್ತವೆ. ಹೀಗೆ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ನೆಫ್ರಾನಿನ ನಳಿಕೆಗಳು ರಕ್ತಕ್ಕೇ ಮರಳಿಸುತ್ತವೆ.

ಸೋಸುವಿಕೆ ಹತ್ತನೇ ಒಂದು ಪಾಲಿಗೆ ಕುಸಿದರೂ 18 ಲೀಟರ್ ಇರುತ್ತದಲ್ಲ? ನಳಿಕೆಗಳೂ ಸೋತಿದ್ದರೆ ಅದರಿಂದಲೇ ಒಂದೂವರೆ ಲೀಟರ್ ತಿಳಿ ಮೂತ್ರ ಬರುತ್ತದೆ. ಕಸ ಮಾತ್ರ ರಕ್ತದಲ್ಲೇ ಉಳಿಯುತ್ತದೆ.

ಇಲಿ ಜ್ವರದಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಗದ್ದೆಯ ಕೆಸರಿನಲ್ಲಿ, ತೋಟದ ಬಸಿಗಾಲುವೆಯಲ್ಲಿ ನಿಂತ ಕಾಲಿನ ಒಡಕಿನಿಂದ ಹೊಕ್ಕ ರೋಗಾಣು ನಳಿಕೆಗಳನ್ನು ಕೆಡಿಸುತ್ತದೆ. ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ಮೂತ್ರದ ಅಳತೆ ನಂಬಬೇಡಿ. ಅಂದೇ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ; ಸೋಸುವಿಕೆ ಕುಸಿದರೆ ರಕ್ತದಲ್ಲಿ ಏರುವ ಕಸ ಅದು.

ಇದರ ಮೇಲೆ ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್. ನನ್ನ ಅತಿ ದೊಡ್ಡ ಚಿಂತೆ ಇದೇ. ಜ್ವರ, ವಾಂತಿಯಿಂದ ಮೈಯ ನೀರು ಇಳಿದಾಗ ರಕ್ತ ತರುವ ನಾಳವನ್ನು ಮೈಯೇ ತಯಾರಿಸುವ ರಾಸಾಯನಿಕಗಳಾದ ಪ್ರೊಸ್ಟಾಗ್ಲಾಂಡಿನ್‌ಗಳು ತೆರೆದಿಟ್ಟಿರುತ್ತವೆ. ಈ ಮಾತ್ರೆಗಳು ಅವನ್ನೇ ತಡೆಯುತ್ತವೆ. ಬಿ.ಪಿ.ಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ನುಂಗುವವರಲ್ಲಿ ರಕ್ತ ಒಯ್ಯುವ ನಾಳವೂ ಸಡಿಲಾಗಿರುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಸೋಸಲು ಒತ್ತಡವೇ ಉಳಿಯುವುದಿಲ್ಲ. ವಾಂತಿ ಭೇದಿ ಶುರುವಾದ ದಿನವೇ, ಬಿ.ಪಿ. ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ.

ಕ್ರಿಯಾಟಿನಿನ್ ಓದುವುದರಲ್ಲೂ ಮೋಸ ಹೋಗುತ್ತೇವೆ. 70 ವರ್ಷದ ಅಜ್ಜಿಗೆ 1.2 ಬಂದರೆ ಎಷ್ಟೋ ಲ್ಯಾಬಿನ ಚೀಟಿಯಲ್ಲಿ ಅದು ನಾರ್ಮಲ್. ಲೆಕ್ಕ ಹಾಕಿದರೆ ಸೋಸುವಿಕೆ ನಿಮಿಷಕ್ಕೆ 50 ಮಿಲಿಲೀಟರ್ ಆಸುಪಾಸು, ಆರೋಗ್ಯವಂತ ತರುಣರ ಅರ್ಧಕ್ಕೂ ಕಡಿಮೆ. 0.8 ಇದ್ದದ್ದು 1.6 ಆಗಿ ನಿಂತಿದ್ದರೆ ಅರ್ಧ ಕೆಲಸ ಹೋಗಿದೆ ಎಂದೇ ಅರ್ಥ. ಆದರೆ ಮೊದಲು 0.8 ಇತ್ತು ಎಂದು ಗೊತ್ತಾಗುವುದು ಹಳೆಯ ಚೀಟಿಯಿಂದ. ಬರುವಾಗ ಅದನ್ನು ತನ್ನಿ; ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪನ್ನೂ.