ಕಾಫಿ ಎಲೆಯ ಹಸಿರು ಯಾರ ಸ್ವತ್ತು?

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೆರಳಿನ ಮರಗಳ ಕಾಂಡದ ಮೇಲೆ ಬೂದುಹಸಿರು ಕಲ್ಲುಹೂವು ತೇಪೆ ಹಾಕಿದಂತೆ ಹರಡಿರುತ್ತದೆ. ಅದು ಒಂದೇ ಜೀವಿಯಲ್ಲ. ಶಿಲೀಂಧ್ರವೊಂದು ತನ್ನ ಎಳೆಗಳ ನಡುವೆ ಪಾಚಿಯನ್ನು ಇಟ್ಟುಕೊಂಡು, ಅದು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಉಂಡು ಬದುಕುವ ಜೋಡಿ ಸಂಸಾರ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಹೀಗೆಂದಾಗ ಕಲ್ಲುಹೂವಿನ ಪಂಡಿತರೇ ಅವರನ್ನು ಗೇಲಿ ಮಾಡಿದ್ದರು. ಅದೇ ಮರದ ನೆರಳಿನಲ್ಲಿರುವ ಕಾಫಿ ಗಿಡವೂ ಮೂಲದಲ್ಲಿ ಇಂಥದೇ ಸಂಸಾರ ಎಂಬುದನ್ನು ಒಪ್ಪಲು ವಿಜ್ಞಾನಕ್ಕೆ ಇನ್ನೂ ನೂರು ವರ್ಷ ಬೇಕಾಯಿತು.

ಎಲೆಯ ಹಸಿರು ಅದರ ತುಂಬ ಬಳಿದ ಬಣ್ಣವಲ್ಲ. ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಕಣದಂಗಗಳಲ್ಲಷ್ಟೇ ಪತ್ರಹರಿತ್ತು ಇರುತ್ತದೆ. ಜೀವಕೋಶವು ಕ್ಲೋರೋಪ್ಲಾಸ್ಟನ್ನು ಹೊಸದಾಗಿ ಕಟ್ಟಲಾರದು, ಇರುವುದೇ ಸೀಳಿ ಎರಡಾಗಬೇಕು ಎಂಬುದನ್ನು 1883ರಲ್ಲಿ ಜರ್ಮನಿಯ ಶಿಂಪರ್ ಗುರುತಿಸಿದರು. ಕಲ್ಲುಹೂವುಗಳನ್ನು ಅಭ್ಯಸಿಸಿದ್ದ ರಷ್ಯಾದ ಮೆರೆಶ್ಕೋವ್ಸ್ಕಿ 1905ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ಲೋರೋಪ್ಲಾಸ್ಟುಗಳು ಹಿಂದೊಮ್ಮೆ ಸ್ವತಂತ್ರವಾಗಿದ್ದ ನೀಲಿಹಸಿರು ಪಾಚಿಗಳೇ (ಹೆಸರು ಪಾಚಿಯಾದರೂ ಇವು ಬ್ಯಾಕ್ಟೀರಿಯಾಗಳು) ಎಂದರು. ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ಇದೇ ವಾದವನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಕಣದಂಗಕ್ಕೂ ಸೇರಿಸಿ ಮಂಡಿಸಿದರು. ಅವರ ಪ್ರಬಂಧವನ್ನು ಹಲವು ಪತ್ರಿಕೆಗಳು ಹಿಂದಿರುಗಿಸಿದ್ದವು. 1970ರ ದಶಕದಲ್ಲಿ, ಪ್ರೋಟೀನು ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಅಕ್ಷರಗಳನ್ನು ಹೋಲಿಸಿದಾಗ ಕ್ಲೋರೋಪ್ಲಾಸ್ಟಿನ ನೆಂಟಸ್ತಿಕೆ ಗಿಡದ ಕೋಶಕೇಂದ್ರಕ್ಕಿಂತ ಬ್ಯಾಕ್ಟೀರಿಯಾಗಳ ಕಡೆಗೇ ಇರುವುದು ಕಂಡುಬಂದು, ವಾದ ಬಹುಮಟ್ಟಿಗೆ ತೀರಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ‘ಅತಿಥಿ’ ಎಂಬ ಪದವನ್ನು ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಅತಿಥಿ ತನ್ನ ಮನೆಯ ಪತ್ರಗಳನ್ನು ಆತಿಥೇಯನ ಪೆಟ್ಟಿಗೆಗೆ ಒಪ್ಪಿಸುವುದಿಲ್ಲ. ಸ್ವತಂತ್ರವಾಗಿ ಬದುಕುವ ಸಿನೆಕೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯ ಡಿಎನ್‌ಎಯಲ್ಲಿ ಸುಮಾರು 35 ಲಕ್ಷ ಅಕ್ಷರಗಳೂ ಮೂರು ಸಾವಿರಕ್ಕೂ ಹೆಚ್ಚು ವಂಶವಾಹಿಗಳೂ ಇವೆ. ಅರೇಬಿಕಾ ಕಾಫಿಯ ಕ್ಲೋರೋಪ್ಲಾಸ್ಟಿನಲ್ಲಿ ಉಳಿದಿರುವುದು 1,55,189 ಅಕ್ಷರಗಳು, ಸುಮಾರು 130 ವಂಶವಾಹಿಗಳು. ನೂರು ಕೋಟಿಗೂ ಹೆಚ್ಚು ವರ್ಷಗಳ ಒಟ್ಟುಬಾಳಿನಲ್ಲಿ ಕೆಲವು ಕಳೆದುಹೋದವು, ಅನೇಕವು ಗಿಡದ ಕೋಶಕೇಂದ್ರಕ್ಕೆ ವರ್ಗವಾದವು. ಗಾಳಿಯ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವವನ್ನೇ ನೋಡಿ: ಅದರ ಎಂಟು ದೊಡ್ಡ ತುಂಡುಗಳ ವಿವರ ಕ್ಲೋರೋಪ್ಲಾಸ್ಟಿನಲ್ಲಿದೆ, ಎಂಟು ಸಣ್ಣ ತುಂಡುಗಳದ್ದು ಕೋಶಕೇಂದ್ರದಲ್ಲಿದೆ. ಎರಡೂ ಕಡೆಯವು ಕೂಡದಿದ್ದರೆ ಎಲೆಗೆ ಊಟವಿಲ್ಲ. ಕಲ್ಲುಹೂವು ಈ ಮಟ್ಟಕ್ಕೆ ಬಂದಿಲ್ಲ; ಅದರ ಶಿಲೀಂಧ್ರವನ್ನೂ ಪಾಚಿಯನ್ನೂ ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಬೆಳೆಸಬಹುದು, ಆ ಶಿಲೀಂಧ್ರ ತೀರಾ ನಿಧಾನವಾಗಿ ಬೆಳೆದರೂ.

ಉಳಿದಿರುವ ಈ ಪುಟ್ಟ ಡಿಎನ್‌ಎಗೂ ಒಂದು ವಂಶಾವಳಿಯಿದೆ. ಅರೇಬಿಕಾ ಎಂಬುದು ರೊಬಸ್ಟಾ ಮತ್ತು ಯೂಜಿನಿಯಾಯ್ಡಿಸ್ ಎಂಬ ಎರಡು ಆಫ್ರಿಕನ್ ಕಾಫಿಗಳು ತಾವಾಗಿಯೇ ಕೂಡಿ ಹುಟ್ಟಿದ ತಳಿ. ಕಾಫಿಯಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯ ಕಡೆಯಿಂದ, ಮತ್ತು ಇಲ್ಲಿ ತಾಯಿ ಯೂಜಿನಿಯಾಯ್ಡಿಸ್. ಬಾಬಾ ಬುಡನ್ ಏಳು ಬೀಜ ತಂದರೆಂಬ ಐತಿಹ್ಯ ನಿಜವೇ ಆಗಿದ್ದರೆ, ಚಂದ್ರದ್ರೋಣ ಬೆಟ್ಟ ಹತ್ತಿದ ಆ ಬೀಜಗಳೊಳಗೂ ಅದೇ ತಾಯಿಯ ಹಸಿರು ಸುಪ್ತವಾಗಿದ್ದಿರಬೇಕು.

ಇಂಥ ಒಟ್ಟುಗೂಡುವಿಕೆ ಅಂದಿಗೇ ಮುಗಿದಿಲ್ಲ. ಯಾವ ಗಿಡವೂ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳಲಾರದು. ಅದಕ್ಕಾಗಿಯೇ ತೋಟಕ್ಕೆ ಯೂರಿಯಾ ಬೇಕಾಗುತ್ತದೆ. ಆದರೆ ಸಮುದ್ರದ ಒಂದು ಏಕಕೋಶ ಪಾಚಿಯೊಳಗೆ ಆ ಕೆಲಸ ಮಾಡುವ ಸಣ್ಣ ದೇಹವೊಂದಿದೆ. ಬಹುಕಾಲ ಅದನ್ನು ಜೊತೆಗಿರುವ ಬ್ಯಾಕ್ಟೀರಿಯಾ ಎಂದೇ ಎಣಿಸಲಾಗಿತ್ತು. ಅದು ಆತಿಥೇಯ ಕೋಶದ ಜೊತೆಜೊತೆಗೇ ಸೀಳುತ್ತದೆ, ಅದರ ಪ್ರೋಟೀನುಗಳಲ್ಲಿ ಹಲವು ಆತಿಥೇಯದ ಕೋಶಕೇಂದ್ರದ ಆದೇಶದಂತೆ ತಯಾರಾಗಿ ಒಳಗೆ ಸಾಗುತ್ತವೆ ಎಂಬುದು ಗೊತ್ತಾದ ಮೇಲೆ, 2024ರಲ್ಲಿ ಅದು ನೈಟ್ರೋಪ್ಲಾಸ್ಟ್ ಎಂಬ ಹೆಸರಿನಲ್ಲಿ ಕಣದಂಗಗಳ ಪಟ್ಟಿಗೆ ಸೇರಿತು.